ಕೋಸಿನ ಹುಳಕ್ಕೆ ಸಾಸಿವೆ ಘಾಟು

ಮಾಲೂರು ಕಡೆ ಎಲೆಕೋಸು ಬೆಳೆಯುವವರಿಗೆ ವಜ್ರಬೆನ್ನಿನ ಪತಂಗದ ಕಾಟ ಹೊಸದಲ್ಲ. ಅದರ ಹುಳ ಸಣ್ಣದು, ತಿಳಿ ಹಸಿರು. ಬೆರಳು ತಾಗಿದರೆ ಸಾಕು, ಹಿಂದಕ್ಕೆ ಒದ್ದಾಡಿಕೊಂಡು ನೂಲು ಬಿಟ್ಟು ಎಲೆಯಿಂದ ನೇತಾಡುತ್ತದೆ. ಹಸಿರನ್ನೆಲ್ಲ ಕೆರೆದು ತಿಂದು ತೆಳ್ಳನೆ ಪೊರೆ ಮಾತ್ರ ಉಳಿಸುತ್ತದೆ. ಔಷಧಿಗೆ ಬೇಗ ಒಗ್ಗಿಕೊಳ್ಳುವ ಹುಳ ಇದು. ನನ್ನ ಅರ್ಧ ಎಕರೆಗೆ ಎಷ್ಟು ಹೊಡೆದರೂ ಬಗ್ಗಲಿಲ್ಲ.

ಆಮೇಲೆ ಸಾಸಿವೆ ಹಾಕಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೊಟ್ಟ ಲೆಕ್ಕ ಸರಳ. 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮುಂಚೆ ಬಿತ್ತಬೇಕು, ಇನ್ನೊಂದನ್ನು ನಾಟಿಯಾಗಿ 25 ದಿನಕ್ಕೆ. ಮೊದಲನೆಯದು ಬಲಿಯುವ ಹೊತ್ತಿಗೆ ಎರಡನೆಯದರ ಎಳೆ ಎಲೆ ಸಿದ್ಧ ಇರುತ್ತದೆ.

ಎಳೆ ಸಾಸಿವೆ ಎಲೆಯೊಂದನ್ನು ಕೈಯಲ್ಲಿ ಉಜ್ಜಿ ನೋಡಿ. ಮೂಗಿಗೆ ಹೊಡೆಯುವ ಆ ಘಾಟು ಅಲೈಲ್ ಐಸೋಥಯೋಸಯನೇಟ್ ಅನ್ನುವ ವಸ್ತುವಿನದು. ಹೆಣ್ಣು ಪತಂಗ ಮೊಟ್ಟೆ ಇಡುವ ಜಾಗ ಹುಡುಕುವುದು ಇಂಥ ವಾಸನೆ ಹಿಡಿದೇ. ಪಕ್ಕದಲ್ಲಿ ಕೋಸಿದ್ದರೂ ಹೆಚ್ಚಿನವು ಸಾಸಿವೆಗೇ ಹೋಗುತ್ತವೆ.

"ಏನಣ್ಣ, ಕೋಸಿನ ಮಧ್ಯ ಸಾಸಿವೆ ಯಾಕೆ?" ಎಂದು ಪಕ್ಕದ ಹೊಲದವರು ಕೇಳಿದಾಗ, "ಹುಳ ಅಲ್ಲಿಗೆ ಹೋಗ್ಲಿ ಅಂತ" ಅಂದಿದ್ದೆ. ಹೋದ ಹುಳವನ್ನು ಏನು ಮಾಡಬೇಕು ಅಂತ ಮಾತ್ರ ಯೋಚಿಸಿರಲಿಲ್ಲ. ಮೊದಲ ಬೆಳೆಯಲ್ಲಿ ಸಾಸಿವೆಯನ್ನು ಸುಮ್ನೆ ಬಿಟ್ಟುಬಿಟ್ಟೆ. ಮೂರೇ ವಾರಕ್ಕೆ ಎಲೆ ಅಡಿಯಲ್ಲೆಲ್ಲ ಬಲೆಯಂಥ ಗೂಡು. ಅಲ್ಲಿಂದ ಹಾರಿದ ಪತಂಗ ಪಕ್ಕದ ಕೋಸಿಗೇ ಬಂತು. ಸಾಸಿವೆಗೆ ಅಂಟಿಕೊಂಡಿದ್ದ ಎರಡು ಸಾಲು ಕೋಸಿನ ಎಲೆ ಪೂರ್ತಿ ತೂತು. ನೋಡಿ ತುಂಬಾ ಬೇಜಾರಾಯಿತು.

ಈಗ ವಾರಕ್ಕೊಮ್ಮೆ ತಪ್ಪದೆ ಸಾಸಿವೆಗೆ ಬೇವಿನ ಬೀಜದ ಕಷಾಯ ಹೊಡೆಯುತ್ತೇನೆ. ಅರ್ಧ ಕೆಜಿ ತಿರುಳು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿ ನೀರಲ್ಲಿ ನೆನೆಹಾಕಿ, ಮಾರನೇ ದಿನ ಚೆನ್ನಾಗಿ ಹಿಂಡಿ, ಸೋಸಿ, 10 ಲೀಟರ್ ಮಾಡುತ್ತೇನೆ. ಎಲೆಗೆ ಅಂಟಲೆಂದು ಚೂರು ಸೋಪಿನ ಪುಡಿ. ಎಲೆಯ ಅಡಿಭಾಗ ನೆನೆಯಲೇಬೇಕು, ಹುಳ ಇರುವುದು ಅಲ್ಲೇ ಜಾಸ್ತಿ. ಕಳೆದ ಬೆಳೆಯಲ್ಲಿ ಕೋಸಿಗೆ ಅಂತ ಹೊಡೆದದ್ದು ಮೂರೇ ಸಲ, ಅದೂ ಇದೇ ಕಷಾಯ.

ಮೊನ್ನೆ ಸಾಸಿವೆ ಎಲೆ ಮೇಲೆ ಅಕ್ಕಿ ನುಚ್ಚಿನಷ್ಟು ಬಿಳಿ ಗೂಡುಗಳು ಕಂಡವು. ಅವು ಆ ಹುಳವನ್ನೇ ತಿಂದು ಬೆಳೆಯುವ ಸಣ್ಣ ಕಣಜದ್ದು. ಅಂಥ ಎಲೆಗಳನ್ನು ಮುಟ್ಟದೆ ಹಾಗೇ ಬಿಟ್ಟಿದ್ದೇನೆ. ಹೂ ಬಿಟ್ಟ ಮೇಲೆ ಜೇನೂ ಬರುತ್ತದೆ. ಹಾಗಾಗಿ ಕಷಾಯ ಹೊಡೆಯುವುದು ಹೊತ್ತು ಇಳಿದ ಮೇಲೆಯೇ.