ಸಲ್ಕಾಟಾ ಮರಿಯ ಗೂಡಿನಲ್ಲಿ ತೇವ ನಿಂತದ್ದು ಹೀಗೆ

ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಮಗಳ ಸಲ್ಕಾಟಾ ಆಮೆ ಮರಿಯ ಗಾಜಿನ ತೊಟ್ಟಿಯಲ್ಲಿ ತೇವಾಂಶ 30% ದಾಟುತ್ತಲೇ ಇರಲಿಲ್ಲ. ಬೆಳಿಗ್ಗೆ ನೀರು ಚಿಮುಕಿಸಿದರೆ ಮಧ್ಯಾಹ್ನಕ್ಕೆ ಎಲ್ಲ ಒಣಒಣ. ಚಿಪ್ಪಿನ ಫಲಕಗಳ ನಡುವಿನ ಬಿಳಿ ಗೆರೆ ಒಳಕ್ಕಿಳಿದು, ಒಂದೊಂದು ಫಲಕವೂ ಪುಟ್ಟ ಗುಡ್ಡದ ಹಾಗೆ ಏಳತೊಡಗಿತ್ತು.

ಮರುಭೂಮಿ ಅಂಚಿನ ಪ್ರಾಣಿಗೆ ತೇವ ಯಾಕೆ ಅಂತ ಕೇಳುವವರಿದ್ದಾರೆ. ಆಫ್ರಿಕಾದ ಸಹೇಲ್‌ನಲ್ಲಿ ಇವು ಬಿಸಿಲೇರಿದರೆ ಬಿಲ ಸೇರುತ್ತವೆ. ಬಿಲದೊಳಗಿನ ಗಾಳಿಯಲ್ಲಿ ಪಸೆಯಿರುತ್ತದೆ. ಈ ಮರಿಗಳ ಚಿಪ್ಪು ಉಬ್ಬಲು ಆಹಾರದ ಪ್ರೋಟೀನಿಗಿಂತ ಒಣಗಾಳಿಯೇ ದೊಡ್ಡ ಕಾರಣ ಎಂದು 2003ರ ಅಧ್ಯಯನವೊಂದು ತೋರಿಸಿದೆ.

ತೇವ ಸೋರುತ್ತಿದ್ದದ್ದು ಮೇಲಿನಿಂದ. ಜಾಲರಿ ಮುಚ್ಚಳದ ಮೇಲೆ ದೀಪವಿದ್ದರೆ ಬಿಸಿಗಾಳಿ ಏರುತ್ತಾ ತೇವವನ್ನೂ ಹೊತ್ತೊಯ್ಯುತ್ತದೆ. ಅದಕ್ಕೇ ಪೂರ್ತಿ ಮುಚ್ಚಿದ ಪಿವಿಸಿ ಪೆಟ್ಟಿಗೆ ತಂದು, ದೀಪ ಮತ್ತು ಯುವಿ ಟ್ಯೂಬನ್ನು ಒಳಗೇ ತೂಗುಹಾಕಿದೆ. ಕೆಳಗೆ ದಪ್ಪಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಚಿಮುಕಿಸುವುದನ್ನು ಬಿಟ್ಟು ಮೂಲೆಗಳಲ್ಲಿ ಬೆಚ್ಚಗಿನ ನೀರು ಸುರಿಯುತ್ತೇನೆ. ತಳ ಒದ್ದೆಯಾಗಿ ಮೇಲ್ಪದರ ಒಣಗಿರಬೇಕು, ಇಲ್ಲವಾದರೆ ಹೊಟ್ಟೆಯಡಿಯ ಚಿಪ್ಪು ಕೊಳೆಯುತ್ತದೆ. ತಳದ ಕೋಕೋಪೀಟನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು.

ರಾತ್ರಿ ಸೆರಾಮಿಕ್ ಹೀಟರ್ 27 ಡಿಗ್ರಿಗಿಂತ ಇಳಿಯಲು ಬಿಡುವುದಿಲ್ಲ. ತೇವಕ್ಕೆ ಚಳಿ ಕೂಡಿದರೆ ಮರಿಗೆ ನ್ಯುಮೋನಿಯಾ ಆಗಬಹುದು. ತೇವಾಂಶ ಮಾಪಕ ಇರಬೇಕಾದ್ದು ಮರಿಯ ಎತ್ತರದಲ್ಲಿ, ಗೋಡೆಯ ತುದಿಯಲ್ಲಲ್ಲ. ಈಗ 80% ಆಸುಪಾಸು. ಹಳೆಯ ಉಬ್ಬು ಹೋಗುವುದಿಲ್ಲ, ಹೊಸ ಬೆಳವಣಿಗೆ ಮಾತ್ರ ನುಣ್ಣಗೆ ಬರುತ್ತಿದೆ.

ಅಂದಹಾಗೆ, ಇದನ್ನು ಓದಿ ಊರಲ್ಲಿ ನಕ್ಷತ್ರ ಆಮೆ ತರಲು ಹೊರಡಬೇಡಿ. ವನ್ಯಜೀವಿ ಕಾಯ್ದೆಯಡಿ ಅದನ್ನು ಸಾಕುವುದು ಅಪರಾಧ.