ನಲವತ್ತು ದಾಟಿದ ಮೇಲೆ ಟೆಕ್ನೋ ಕೇಳುವುದು ಹೇಗೆ

ನನ್ನ ಜೊತೆ ಓದಿದವರಲ್ಲಿ ಟ್ರಾನ್ಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತವೆಂದರೆ ಪ್ರಾಣ ಬಿಡುತ್ತಿದ್ದವರು ಈಗ ಎರಡು ಗುಂಪಾಗಿದ್ದಾರೆ. ಒಂದು ಗುಂಪು 2003ರ ಟ್ರ್ಯಾಕುಗಳಲ್ಲೇ ನಿಂತುಬಿಟ್ಟಿದೆ. ಇನ್ನೊಂದು ಗುಂಪು "ಅದೆಲ್ಲ ಆ ವಯಸ್ಸಿನ ಹುಚ್ಚು ಕಣೇ" ಎಂದು ಕೈ ತೊಳೆದುಕೊಂಡಿದೆ. ನನಗೆ ಎರಡೂ ಒಪ್ಪಿಗೆಯಿಲ್ಲ. ನನಗೀಗ ನಲವತ್ತಾರು. ಊರು ಧಾರವಾಡ, ಬೆಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ದಿನ ಬಿಟ್ಟು ದಿನ ಅದೇ ಬಳಗದ ಟೆಕ್ನೋ ಇಲ್ಲವೇ ಹೌಸ್ ಕೇಳುತ್ತೇನೆ. ಇಪ್ಪತ್ತೈದರಲ್ಲಿ ಕೇಳುತ್ತಿದ್ದದ್ದನ್ನಲ್ಲ. ಆಗ ಕೇಳುತ್ತಿದ್ದ ಹಾಗೆಯೂ ಅಲ್ಲ.

ರುಚಿ ಬದಲಾಗುವುದನ್ನು ತಡೆಯಲು ಆಗುವುದಿಲ್ಲ. ಎತ್ತ ಹೊರಟಿದೆ ಎಂದು ನೋಡಿಕೊಂಡು ಅದರ ಜೊತೆ ಹೆಜ್ಜೆ ಹಾಕಬಹುದು. ಅದಕ್ಕೆ ಏನು ಮಾಡಬೇಕು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಬದಲಾಗಿದ್ದು ಯಾವುದು ಎಂದು ನೋಡಿ

"ಯಾಕೋ ಈಗ ಬೋರ್ ಆಗುತ್ತೆ" ಎನ್ನುವ ಮಾತಿನೊಳಗೆ ಬೇರೆ ಬೇರೆ ಕಾರಣ ಅಡಗಿರುತ್ತವೆ. ಅವನ್ನು ಬಿಡಿಸಿ ನೋಡುವುದು ಕಷ್ಟವಲ್ಲ.

ಹಿಂದೆ ತುಂಬಾ ಇಷ್ಟವಿದ್ದ ಒಂದು ಟ್ರ್ಯಾಕ್ ತೆಗೆದುಕೊಳ್ಳಿ. ಸಂಜೆ, ಕಡಿಮೆ ವಾಲ್ಯೂಮಿನಲ್ಲಿ ಹಾಕಿ. ಹಿತವಾಗಿ ಕೇಳಿಸಿತಾ? ಹಾಗಿದ್ದರೆ ನಿಮಗೆ ಸಾಕಾಗಿರುವುದು ಅಬ್ಬರ, ಸಂಗೀತವಲ್ಲ. ಅದನ್ನೇ ಹೆಡ್‌ಫೋನಿನಲ್ಲಿ, ಒಬ್ಬರೇ ನಡೆಯುತ್ತಾ ಕೇಳಿ. ಈಗ ಇಷ್ಟವಾದರೆ, ಬೇಡವಾಗಿರುವುದು ಗುಂಪು ಮತ್ತು ಸರಿರಾತ್ರಿ. ಆಮೇಲೆ ಅದೇ ಜಾತಿಯ, ಆದರೆ ನೀವು ಕೇಳಿಯೇ ಇರದ ಒಂದು ಟ್ರ್ಯಾಕ್ ಹಾಕಿ. ಅದು ರುಚಿಸಿದರೆ ವಿಷಯ ಸುಲಭ: ಹಳೆಯದನ್ನು ಕೇಳಿ ಕೇಳಿ ಸವೆಸಿದ್ದೀರಿ, ಅಷ್ಟೇ. ಮೂರೂ ಬೇಸರ ತಂದರೆ ಮಾತ್ರ ರುಚಿಯೇ ಬದಲಾಗಿದೆ ಎಂದು ತಿಳಿಯಿರಿ. ನನಗೆ ಆಗಿದ್ದು ಈ ಕೊನೆಯದು.

ಇದು ನಿಮಗೊಬ್ಬರಿಗೇ ಆಗುವುದಲ್ಲ. 2013ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಒಲವನ್ನು ವಯಸ್ಸಿನ ಪ್ರಕಾರ ಜೋಡಿಸಿ ನೋಡಿದರು. ರಾಕ್, ಮೆಟಲ್ ತರಹದ ಅಬ್ಬರದ ಸಂಗೀತ ಹದಿಹರೆಯದ ನಂತರ ಇಳಿಯುತ್ತಾ ಹೋಗುತ್ತದೆ. ಎಲೆಕ್ಟ್ರಾನಿಕ್, ರ್‍ಯಾಪ್ ಇರುವ ಗುಂಪು ಯೌವನದಲ್ಲಿ ಏರಿ, ಮುಂದೆ ಇಳಿಯುತ್ತದೆ. ಜಾಝ್, ಶಾಸ್ತ್ರೀಯ ಸಂಗೀತ ವಯಸ್ಸಿನ ಜೊತೆ ಮೇಲೇರುತ್ತವೆ. ಆದರೆ ನನ್ನದೊಂದು ತಕರಾರಿದೆ. ಎಲೆಕ್ಟ್ರಾನಿಕ್ ಎಂದು ಎಲ್ಲವನ್ನೂ ಒಂದೇ ರಾಶಿ ಹಾಕಿದರೆ ಹೇಗೆ? ಅದರೊಳಗೇ ನಿಮಿಷಕ್ಕೆ 175 ಬೀಟ್ ಓಡುವುದೂ ಇದೆ, ಬೀಟೇ ಇಲ್ಲದ್ದೂ ಇದೆ. ವಯಸ್ಸಿನ ಜೊತೆ ಆ ರಾಶಿಯ ಒಳಗೇ ಊರು ಬದಲಾಯಿಸಿಕೊಂಡರಾಯಿತು.

ಡ್ರಾಪ್‌ಗೆ ಕಾಯುವುದನ್ನು ಬಿಡಿ

ಇಪ್ಪತ್ತರಲ್ಲಿ ನಾವೆಲ್ಲ ಡ್ರಾಪ್‌ಗಾಗಿ, ಅಂದರೆ ತಡೆದಿಟ್ಟ ಬೀಟ್ ಮತ್ತೆ ಬಂದು ಬೀಳುವ ಕ್ಷಣಕ್ಕಾಗಿ, ಕೇಳುತ್ತಿದ್ದೆವು. ಅದರ ತಂತ್ರ ಸರಳ. ಬೇಸ್, ಅಂದರೆ ತಗ್ಗು ಸ್ವರಗಳನ್ನು, ತೆಗೆದುಬಿಡುತ್ತಾರೆ. ಸ್ನೇರ್ ಡ್ರಮ್ ದಡದಡನೆ ವೇಗ ಹೆಚ್ಚಿಸುತ್ತದೆ. ಸಿಂಥ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಸ್ವರ ಮೇಲೇರುತ್ತಾ ಹೋಗುತ್ತದೆ. ಒಂದು ಕ್ಷಣ ಎಲ್ಲ ನಿಲ್ಲುತ್ತದೆ. ಮತ್ತೆ ಕಿಕ್ ಎಂಬ ದೊಡ್ಡ ಡ್ರಮ್ಮಿನ ಏಟು ಮತ್ತು ಬೇಸ್ ಒಟ್ಟಿಗೆ ಬಂದು ಎದೆಗೆ ಬಡಿಯುತ್ತವೆ. ಸಾವಿರ ಸಲ ಕೇಳಿದವರಿಗೆ ಮುಂದೇನು ಎಂದು ಮೊದಲೇ ಗೊತ್ತಿರುತ್ತದೆ. ಬೇಸರ ಬರದೇ ಇರುತ್ತದಾ?

ನಮ್ಮಪ್ಪನಿಗೂ ಹೀಗೇ ಆಗಿತ್ತು. ನಾನು ಚಿಕ್ಕವಳಿದ್ದಾಗ ಅವರಿಗೆ ಭೀಮಸೇನ ಜೋಶಿಯವರ ವೇಗದ ದ್ರುತ್ ತಾನುಗಳೆಂದರೆ ಹುಚ್ಚು. ಅರವತ್ತರ ಹೊತ್ತಿಗೆ ಗಂಗೂಬಾಯಿ ಹಾನಗಲ್ ಅವರ ನಿಧಾನಗತಿಯ ವಿಲಂಬಿತ್ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ದ್ರುತ್ ಶುರುವಾಗುವ ಹೊತ್ತಿಗೆ ಎಷ್ಟೋ ಸಲ ಎದ್ದು ಹೋಗಿರುತ್ತಿದ್ದರು. ನನಗೆ ಹೇಳುತ್ತಿದ್ದದ್ದು ಒಂದೇ ಮಾತು: "ಇಷ್ಟ್ಯಾಕ ಓಡ್ತೀ, ಸ್ವಲ್ಪ ನಿಂತು ಕೇಳು."

ನಿಂತು ಕೇಳಲು ನನಗೆ ನೆರವಾಗಿದ್ದು ಎಣಿಕೆ. ಹೌಸ್, ಟೆಕ್ನೋ, ಟ್ರಾನ್ಸ್ ಎಲ್ಲವೂ ಹೆಚ್ಚಾಗಿ ನಾಲ್ಕು ಬೀಟಿನ ಬಾರ್‌ನಲ್ಲಿ ನಡೆಯುತ್ತವೆ. ಸಾಮಾನ್ಯವಾಗಿ ಎಂಟು ಬಾರ್‌ಗೊಮ್ಮೆ, ಅಂದರೆ 32 ಬೀಟಿಗೊಮ್ಮೆ, ಏನೋ ಒಂದು ಬದಲಾಗುತ್ತದೆ. ಹದಿನಾರು ಮಾತ್ರೆಯ ತೀನ್‌ತಾಲ ಗೊತ್ತಿರುವವರಿಗೆ ಇದು ಸರಿಯಾಗಿ ಎರಡು ಆವರ್ತನ. ಬೆರಳಲ್ಲಿ ಎಣಿಸುತ್ತಾ ಕೇಳಿ. ಮೂವತ್ಮೂರನೇ ಬೀಟಿನಲ್ಲಿ, ಆವರ್ತನದ ಮೊದಲ ಏಟಾದ ಸಮ್ ಬರುವ ಜಾಗದಲ್ಲಿ, ಏನು ಹೊಸದಾಗಿ ಬಂತು ನೋಡಿ. ಹೈ-ಹ್ಯಾಟ್ ಎಂಬ ಜೋಡಿ ತಾಳ ತೆರೆದುಕೊಂಡಿರಬಹುದು. ಬೇಸ್‌ನ ಒಂದು ಸ್ವರ ಜಾರಿರಬಹುದು. ಕೆಲವು ದಿನ ಹೀಗೆ ಕೇಳಿದರೆ, "ಒಂದೇ ಸಮನೆ ಬಡಿಯುತ್ತೆ" ಎಂದು ದೂರುತ್ತಿದ್ದ ಟೆಕ್ನೋದಲ್ಲಿ ಎಷ್ಟೊಂದು ನಡೆಯುತ್ತಿದೆ ಎಂದು ಗೊತ್ತಾಗುತ್ತದೆ.

ಬಿಡಿ ಟ್ರ್ಯಾಕುಗಳ ಪ್ಲೇಲಿಸ್ಟ್ ಬಿಟ್ಟು, ಡಿಜೆಗಳು ಟ್ರ್ಯಾಕುಗಳನ್ನು ಒಂದಕ್ಕೊಂದು ಹೆಣೆದು ಮಾಡುವ ಉದ್ದದ ಮಿಕ್ಸ್‌ಗಳಿಗೆ ಬನ್ನಿ. ಬಿಬಿಸಿ ರೇಡಿಯೋ 1ರಲ್ಲಿ 1993ರಿಂದ ನಡೆದು ಬಂದಿರುವ ಎರಡು ಗಂಟೆಯ ಎಸೆನ್ಷಿಯಲ್ ಮಿಕ್ಸ್ ಒಳ್ಳೆಯ ಆರಂಭ. ಒಬ್ಬ ಡಿಜೆ ಎರಡು ಗಂಟೆಯನ್ನು ಹೇಗೆ ಕಟ್ಟುತ್ತಾನೆ ಎನ್ನುವುದೇ ಅಲ್ಲಿನ ಮಜಾ. ಶಫಲ್ ಬಟನ್ ಮುಟ್ಟಲೇಬೇಡಿ.

ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ

ಟ್ರಾನ್ಸ್‌ನ ವೇಗದ ಬಗೆಯಾದ ಸೈಟ್ರಾನ್ಸ್ ನಿಮಿಷಕ್ಕೆ 140ರಿಂದ 150 ಬೀಟ್ ಓಡುತ್ತದೆ. ಟ್ರಾನ್ಸ್ 130ರಿಂದ 140ರ ಆಸುಪಾಸು. ಹೌಸ್ 120ರಿಂದ 128, ಡೀಪ್ ಹೌಸ್ 120ರ ಹತ್ತಿರ. ಡೌನ್‌ಟೆಂಪೋ ಎಂದರೆ 110ರ ಕೆಳಗೆ.

ಟ್ರಾನ್ಸ್ ಕೇಳಿ ಬೆಳೆದವರು ಒಂದೇ ಏಟಿಗೆ, ಬೀಟ್ ಇಲ್ಲದಂತಿರುವ ಆಂಬಿಯೆಂಟ್‌ಗೆ ಹಾರಬೇಡಿ. ನಿದ್ದೆ ಬರುತ್ತದೆ, ಆಮೇಲೆ "ಇದು ನಮಗಲ್ಲ" ಎಂದು ಬಿಟ್ಟುಬಿಡುತ್ತೀರಿ. 138ರಲ್ಲಿದ್ದವರು ಮೊದಲು 128ರ ಟೆಕ್ನೋಗೆ ಬನ್ನಿ. ಅಲ್ಲಿ ಕಾಲು ಊರಿದ ಮೇಲೆ 122ರ ಡೀಪ್ ಹೌಸ್. ಟ್ರಾನ್ಸ್‌ನ ಭಾವುಕ ಮೆಲೊಡಿ ಇಲ್ಲದೆ ಇರಲಾಗದವರಿಗೆ ಚಿಕಾಗೋದ ಹೌಸ್ ಸಂಗೀತಗಾರ ಲ್ಯಾರಿ ಹರ್ಡ್. ಅವರ ಕೀಬೋರ್ಡ್‌ನಲ್ಲಿ ಅಷ್ಟೇ ಭಾವ ಇದೆ, ಅರ್ಧದಷ್ಟೂ ಗದ್ದಲ ಇಲ್ಲ. ಗೋವಾ ಬೀಚಿನ ಸೈಟ್ರಾನ್ಸ್‌ನಲ್ಲಿ ತಲೆ ತಿರುಗಿಸುವ ಸುತ್ತು ಇಷ್ಟವಿದ್ದವರಿಗೆ ಬರ್ಲಿನ್‌ನ ಬೇಸಿಕ್ ಚಾನೆಲ್. ಮೊರಿಟ್ಜ್ ಫಾನ್ ಓಸ್ವಾಲ್ಡ್ ಮತ್ತು ಮಾರ್ಕ್ ಅರ್ನೆಸ್ಟುಸ್ ಎಂಬ ಇಬ್ಬರು 1993ರಲ್ಲಿ ಶುರು ಮಾಡಿದ ಟೆಕ್ನೋ ಲೇಬಲ್ ಅದು. ಒಟ್ಟಿಗೆ ನುಡಿಯುವ ಸ್ವರಗಳ ಒಂದೇ ಒಂದು ಕಾರ್ಡ್, ಅದರ ಪ್ರತಿಧ್ವನಿ, ಕೆಳಗೆ ಮೆತ್ತಗಿನ ಕಿಕ್. ಉತ್ತರ ಪತ್ರಿಕೆ ತಿದ್ದುವಾಗ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಸಿಕ್ಕಿಲ್ಲ.

ಹೊಸದು ಹಿಡಿಸದಿದ್ದರೆ ಹಿಂದಕ್ಕೆ ಹೋಗಿ

ಹೊಸದನ್ನೆಲ್ಲ ಬೆನ್ನಟ್ಟುವ ಹಂಗು ನಮಗಿಲ್ಲ ಎನ್ನುವುದು ಈ ವಯಸ್ಸಿನ ಲಾಭ. ನಾವು ಹುಟ್ಟುವ ಹೊತ್ತಿಗೆ ನಡೆದದ್ದನ್ನು ಈಗ ಆರಾಮಾಗಿ ಕೇಳಬಹುದು. ಚಿಕಾಗೋದಲ್ಲಿ 1977ರಲ್ಲಿ ವೇರ್‌ಹೌಸ್ ಎಂಬ ಕ್ಲಬ್ ತೆರೆಯಿತು. ಅಲ್ಲಿ ಫ್ರಾಂಕಿ ನಕಲ್ಸ್ ನುಡಿಸುತ್ತಿದ್ದ ಸಂಗೀತಕ್ಕೆ ಮುಂದೆ ಹೌಸ್ ಎಂಬ ಹೆಸರು ಅಂಟಿತು. ಡೆಟ್ರಾಯಿಟ್ ಪಕ್ಕದ ಬೆಲ್‌ವಿಲ್‌ನಲ್ಲಿ ಒಂದೇ ಶಾಲೆಗೆ ಹೋದ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಟೆಕ್ನೋ ಕಟ್ಟಿದರು.

ಇನ್ನೊಬ್ಬರು ನಮ್ಮ ಮುಂಬೈನವರೇ. ಹಿಂದಿ ಸಿನಿಮಾಗಳ ಸ್ಟುಡಿಯೋ ವಾದಕ ಚರಣ್‌ಜಿತ್ ಸಿಂಗ್. 1982ರಲ್ಲಿ ರೋಲ್ಯಾಂಡ್ ಕಂಪನಿಯ ಬೇಸ್ ನುಡಿಸುವ ಟಿಬಿ-303, ಡ್ರಮ್ ನುಡಿಸುವ ಟಿಆರ್-808 ಯಂತ್ರಗಳನ್ನು ಜೋಡಿಸಿ, ಭೈರವ್, ಲಲಿತ್ ಮುಂತಾದ ರಾಗಗಳನ್ನು ಡಿಸ್ಕೋ ಬೀಟಿನ ಮೇಲೆ ನುಡಿಸಿ ರೆಕಾರ್ಡ್ ಮಾಡಿದರು. ಚಿಕಾಗೋದವರು ಅದೇ 303ರಿಂದ ಆಸಿಡ್ ಹೌಸ್ ಎಂಬ ಹೌಸ್‌ನ ಹೊಸ ಬಗೆ ಹೊರಡಿಸುವುದಕ್ಕೆ ಇನ್ನೂ ಕೆಲವು ವರ್ಷ ಇತ್ತು. ಆಗ ಆ ರೆಕಾರ್ಡನ್ನು ಯಾರೂ ಕೇಳಲಿಲ್ಲ. 2010ರಲ್ಲಿ ಮರುಬಿಡುಗಡೆಯಾದ ಮೇಲೆ ಎಪ್ಪತ್ತು ದಾಟಿದ ಅವರನ್ನು ಯುರೋಪಿನ ವೇದಿಕೆಗಳು ಕರೆದವು. 2015ರಲ್ಲಿ ತೀರಿಕೊಂಡರು. ಅಪ್ಪನಿಗೆ ಕೇಳಿಸಿದೆ. "ರಾಗ ಸರಿ ಐತಿ, ಹುಡುಗಾಟ ಜಾಸ್ತಿ ಆತು" ಎಂದರು. ಆದರೂ ಪೂರ್ತಿ ಕೇಳಿದರು.

ಕಿವಿಯ ಲೆಕ್ಕ

ಇಲ್ಲಿ ಸ್ವಲ್ಪ ಮೇಷ್ಟರಗಿತ್ತಿ ಆಗುತ್ತೇನೆ, ಸಹಿಸಿಕೊಳ್ಳಿ.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. ಚಿಕ್ಕ ಮಕ್ಕಳಿಗೆ 20,000 ಹರ್ಟ್ಸ್ ಹತ್ತಿರದವರೆಗೆ ಕೇಳಿಸಿದರೆ, ನಲವತ್ತು ದಾಟಿದ ಬಹಳ ಜನರಿಗೆ 15,000ದ ಮೇಲೆ ಹೆಚ್ಚೇನೂ ಕೇಳಿಸುವುದಿಲ್ಲ. ಹೈ-ಹ್ಯಾಟ್‌ನ ಮಿನುಗು ಇರುವುದು ಆ ಕಡೆಗೇ. ಕಿಕ್ ಮತ್ತು ಬೇಸ್ ಇರುವುದು 50ರಿಂದ 100 ಹರ್ಟ್ಸ್‌ನ ಸುತ್ತ, ಅಲ್ಲಿ ಕಿವಿ ಅಷ್ಟು ಸೋಲುವುದಿಲ್ಲ. ವಯಸ್ಸಾದವರು ಬೇಸ್‌ಲೈನ್ ಇರುವ ಸಂಗೀತದ ಕಡೆ ವಾಲುವುದರಲ್ಲಿ ಇದರ ಪಾಲೂ ಇರಬಹುದು ಎಂದು ನನ್ನ ಗುಮಾನಿ.

ಕಡಿಮೆ ವಾಲ್ಯೂಮಿನಲ್ಲಿ ಬೇಸ್ ಮಾಯವಾದಂತೆ ಅನಿಸುವುದು ಮಾತ್ರ ವಯಸ್ಸಿನ ದೋಷವಲ್ಲ. ಮೆಲ್ಲಗಿನ ಸದ್ದಿನಲ್ಲಿ ತಗ್ಗು ಸ್ವರಗಳಿಗೆ ಎಲ್ಲರ ಕಿವಿಯೂ ಮಂದವೇ. ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಲೌಡ್‌ನೆಸ್ ಎಂಬ ಬಟನ್ ಇದ್ದದ್ದು ಇದಕ್ಕೇ. ಮನೆಯಲ್ಲಿ ಮೆತ್ತಗೆ ಕೇಳುವಾಗ ಈಕ್ವಲೈಸರ್‌ನಲ್ಲಿ ಬೇಸ್ ತುಸು ಏರಿಸಿಕೊಳ್ಳಿ, ವಾಲ್ಯೂಮ್ ಏರಿಸಬೇಡಿ.

ಕ್ಲಬ್ಬಿಗೆ ಹೋಗುವವರು ಈ ಲೆಕ್ಕ ನೆನಪಿಡಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಎಂದು ಕೆಲಸದ ಜಾಗಗಳಿಗೆ ಹಾಕಿರುವ ಒಂದು ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ, ಹಾಗಾಗಿ ಸಮಯ ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಹೀಗೇ ಹೋದರೆ 100ಕ್ಕೆ ಬರೀ ಹದಿನೈದು ನಿಮಿಷ. ಸ್ಪೀಕರ್ ಹತ್ತಿರ 100 ಎನ್ನುವುದು ದೊಡ್ಡ ಮಾತೇನಲ್ಲ. ಸಂಗೀತಗಾರರು ಹಾಕುವ ಫಿಲ್ಟರ್ ಇರುವ ಇಯರ್‌ಪ್ಲಗ್ ಸರಿಯಾಗಿ ಕೂತರೆ 15 ಡೆಸಿಬೆಲ್ ಇಳಿಸುತ್ತದೆ. ನೂರು ಎಂಬತ್ತೈದಾಯಿತು. ಹದಿನೈದು ನಿಮಿಷ ಎಂಟು ಗಂಟೆಯಾಯಿತು! ಸ್ಪಂಜಿನ ಇಯರ್‌ಪ್ಲಗ್ ತೀಕ್ಷ್ಣ ಸ್ವರಗಳನ್ನೇ ಜಾಸ್ತಿ ನುಂಗಿ ಎಲ್ಲವನ್ನೂ ಮಂಕು ಮಾಡುತ್ತದೆ, ಅದಕ್ಕೇ ಫಿಲ್ಟರ್ ಇರುವುದನ್ನು ಕೇಳಿ ತೆಗೆದುಕೊಳ್ಳಿ. ಮಾರನೇ ದಿನವೂ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಮನೆಯ ಸ್ಪೀಕರ್ ವಿಷಯ. 50 ಹರ್ಟ್ಸ್ ಬೇಸ್‌ನ ತರಂಗ ಸುಮಾರು 7 ಮೀಟರ್ ಉದ್ದ, 10,000 ಹರ್ಟ್ಸ್‌ನದು ಮೂರೂವರೆ ಸೆಂಟಿಮೀಟರೂ ಇಲ್ಲ. ಗೋಡೆ ಚಿಕ್ಕದನ್ನು ತಡೆಯುತ್ತದೆ, ದೊಡ್ಡದು ಓನರ್ ಅಂಕಲ್ ಮನೆಯವರೆಗೂ ಇಳಿಯುತ್ತದೆ. ಸ್ಪೀಕರನ್ನು ಮೂಲೆಯಲ್ಲಿ ಇಡಬೇಡಿ, ಮೂಲೆ ಬೇಸನ್ನು ಹೆಚ್ಚಿಸುತ್ತದೆ. ನೆಲಕ್ಕೆ ನೇರವಾಗಿ ತಾಗದಂತೆ ಕೆಳಗೆ ದಪ್ಪ ರಬ್ಬರ್ ಇಲ್ಲವೇ ಫೋಮ್ ಇಡಿ. ಇಷ್ಟಾದರೂ ಅಂಕಲ್ ಮೇಲೆ ಬಂದರೆ ಹೆಡ್‌ಫೋನೇ ಗತಿ.

ಕುಣಿಯುವುದನ್ನು ಬಿಡಬೇಡಿ, ಹೊತ್ತು ಬದಲಾಯಿಸಿ

ಇದು ಕೂತು ಕೇಳುವುದಕ್ಕೆ ಮಾತ್ರ ಹುಟ್ಟಿದ ಸಂಗೀತವಲ್ಲ. ಮೈ ಅಲುಗದಿದ್ದರೆ ಅರ್ಧ ರುಚಿ ಹೋಯಿತು. ಐರ್ಲೆಂಡ್ ಮೂಲದ ಡಿಜೆ ಆನಿ ಮ್ಯಾಕ್ 2022ರಲ್ಲಿ ಲಂಡನ್ನಿನಲ್ಲಿ, ಸಂಜೆ ಶುರುವಾಗಿ ಮಧ್ಯರಾತ್ರಿಗೆ ಮುಗಿಯುವ ಕ್ಲಬ್ ನೈಟ್ ಆರಂಭಿಸಿದರು. ಬೆಳಿಗ್ಗೆ ಬೇಗ ಏಳಬೇಕಾದವರಿಗೆ ಅಂತಲೇ. ಬೆಂಗಳೂರಿನವರಿಗೆ ಇದು ಹೊಸದಲ್ಲ ಬಿಡಿ. ಹನ್ನೊಂದೂವರೆಗೆ ಬಾಗಿಲು ಮುಚ್ಚಿಸುತ್ತಿದ್ದ ಕಾಲದಲ್ಲಿ ನಾವು ಏಳಕ್ಕೇ ಹೋಗಿ ನಿಂತಿರುತ್ತಿದ್ದೆವು. ಆಗ ಪೊಲೀಸರನ್ನು ಬೈದುಕೊಂಡು ಮನೆಗೆ ಬರುತ್ತಿದ್ದೆ, ಈಗ ಅದೇ ಟೈಮಿಂಗ್ ಹಿತವಾಗಿದೆ. ಮಧ್ಯಾಹ್ನದ ಅಥವಾ ಸಂಜೆಯ ಕಾರ್ಯಕ್ರಮ ಹುಡುಕಿ. ಮುಖ್ಯ ಡಿಜೆಗಿಂತ ಮುಂಚೆ ನುಡಿಸುವವರನ್ನು ಕೇಳಲು ಬೇಗ ಹೋಗಿ, ನಿಧಾನಗತಿಯ ಒಳ್ಳೆಯ ಸಂಗೀತ ಸಿಗುವುದು ಆಗಲೇ. ಮೆತ್ತನೆ ಅಟ್ಟೆಯ ಶೂ ಹಾಕಿಕೊಳ್ಳಿ.

"ಈ ವಯಸ್ಸಲ್ಲಾ?" ಎನ್ನುವವರಿಗೆ ಎರಡು ಹೆಸರು ಹೇಳಿ. ಬ್ರಿಟನ್ನಿನ ಟೆಕ್ನೋ ಡಿಜೆ ಕಾರ್ಲ್ ಕಾಕ್ಸ್ ಹುಟ್ಟಿದ್ದು 1962ರಲ್ಲಿ. ಪೋಲೆಂಡಿನ ಡಿಜೆ ವಿಕಾ ಎಂಬ ಅಜ್ಜಿ ಹುಟ್ಟಿದ್ದು 1938ರಲ್ಲಿ.

ಹುಡುಗರ ಸಂಗೀತಕ್ಕೆ ಮೂಗು ಮುರಿಯುವ ಮುನ್ನ

ನನ್ನ ವಿದ್ಯಾರ್ಥಿಗಳು 150ರ ಆಚೆ ಓಡುವ ಟೆಕ್ನೋ ಕೇಳುತ್ತಾರೆ. ನನಗೆ ಅದು ತಲೆನೋವು. ಆದರೂ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಪೂರ್ತಿ ಒಂದು ಮಿಕ್ಸ್ ಕೇಳದೆ ತೀರ್ಪು ಕೊಡುವುದಿಲ್ಲ. ಹಾಗೆ ಕೇಳುವಾಗಲೇ ನಮ್ಮ ಕಾಲದ ಟ್ರಾನ್ಸ್‌ನ ಸಿಂಥ್‌ಗಳು ಅದರೊಳಗೆ ಸಿಕ್ಕವು. ಅವರಿಗೆ ಅದು ಹೊಸದು! ಮೂಲ ಟ್ರ್ಯಾಕ್‌ಗಳ ಹೆಸರು ಹೇಳಿದೆ, ಅವರು ನನಗೆ ಒಬ್ಬಿಬ್ಬರು ಹೊಸ ಡಿಜೆಗಳ ಹೆಸರು ಕೊಟ್ಟರು. "ನಮ್ಮ ಕಾಲದಲ್ಲಿ" ಎಂದು ಶುರು ಮಾಡಿದ್ದರೆ ಈ ವ್ಯಾಪಾರ ಕುದುರುತ್ತಿರಲಿಲ್ಲ.

ಹಳೆಯ ಸಂಗ್ರಹವನ್ನು ಏನು ಮಾಡುವುದು

ಎಸೆಯಬೇಡಿ. ಹತ್ತರಿಂದ ಮೂವತ್ತರ ಒಳಗೆ ಕೇಳಿದ್ದು ಉಳಿದೆಲ್ಲಕ್ಕಿಂತ ಗಟ್ಟಿಯಾಗಿ ನೆನಪಲ್ಲಿ ಕೂರುತ್ತದೆ. ಆದರೆ ದಿನಾ ಹಾಕಿದರೆ ಅದರ ಶಕ್ತಿ ಹೋಗುತ್ತದೆ. ನಾನು ಹಬ್ಬದ ಹಿಂದಿನ ದಿನ ಮನೆ ಗುಡಿಸಿ ಒರೆಸುವಾಗ ಮಾತ್ರ 140ರ ಟ್ರಾನ್ಸ್ ಹಾಕುತ್ತೇನೆ. ಫ್ಯಾನಿನ ಧೂಳು ಸರಸರ ಹೋಗುತ್ತದೆ.

ಕೆಲವರು ಈಗ ಕೈಯಲ್ಲಿ ದುಡ್ಡಿದೆ ಎಂದು ಅದೇ ಹಳೆ ಟ್ರ್ಯಾಕುಗಳನ್ನು ದುಬಾರಿ ಫಾರ್ಮ್ಯಾಟ್‌ನಲ್ಲಿ ಮತ್ತೆ ಕೊಳ್ಳುತ್ತಾರೆ. ಯೋಚಿಸಿ. ಆಗ ನಾವು ಸಿಡಿಗೆ ಬರೆದುಕೊಳ್ಳುತ್ತಿದ್ದ 128 ಕೆಬಿಪಿಎಸ್‌ನ, ಅಂದರೆ ಹಿಂಡಿ ಚಿಕ್ಕದು ಮಾಡಿದ, ಎಂಪಿ3ಯಲ್ಲಿ ಸಾಮಾನ್ಯವಾಗಿ 16,000 ಹರ್ಟ್ಸ್ ಆಸುಪಾಸಿನಿಂದ ಮೇಲಿನದ್ದನ್ನು ಕತ್ತರಿಸಿಬಿಡುತ್ತಿದ್ದರು. ಕಿವಿ ಚುರುಕಾಗಿದ್ದಾಗ ಫೈಲಿನಲ್ಲಿ ಅದು ಇರಲಿಲ್ಲ. ಈಗ ಫೈಲಿನಲ್ಲಿ ಇದೆ, ಕೇಳುವ ಕಿವಿ ಇಲ್ಲ. ಆ ದುಡ್ಡನ್ನು ಇಯರ್‌ಪ್ಲಗ್‌ಗೆ ಹಾಕಿ.