ಮಿಲಾನಲ್ಲಿ ಸೆಕೆಂಡ್ ಹ್ಯಾಂಡ್ ದೊಡ್ಡ ಸ್ಕೂಟರ್ ತಗೊಳ್ಳೋರಿಗೆ, ಬಿದ್ದು ಎದ್ದವನ ಮಾತು

ಇಲ್ಲಿಗೆ ಬಂದ ನಮ್ಮ ಹುಡುಗ್ರು ಆರು ತಿಂಗಳಾಗೋ ಹೊತ್ತಿಗೆ ಕೇಳೋದು ಒಂದೇ, "ಸಾರ್, ಟಿಮ್ಯಾಕ್ಸಾ ಬರ್ಗ್‌ಮನ್ನಾ?" ಒಂದು ಯಮಹಾದ ದೊಡ್ಡ ಸ್ಕೂಟರ್, ಇನ್ನೊಂದು ಸುಜುಕಿದು. ಮೊದ್ಲು ನನ್ನ ಕಥೆ ಕೇಳಿ.

ನಾನು ಅಪ್ಪನ ಚೇತಕ್ ಮೇಲೆ ಬೆಳೆದವ್ನು, ವಾಲಿಸಿ ಒದ್ದು ಸ್ಟಾರ್ಟ್ ಮಾಡೋ ಗಾಡಿ, ಅದರ ಮೂಲ ಇದೇ ಇಟಲಿಯ ವೆಸ್ಪಾ ತಾನೆ, ಸ್ಕೂಟರ್ ಅಂದ್ರೆ ಸ್ಕೂಟರ್ ಅಂದ್ಕೊಂಡು, ಸಿಸಿ ಜಾಸ್ತಿ ಇದ್ದಷ್ಟು ಒಳ್ಳೇದು ಅನ್ನೋ ನಮ್ಮೂರ ಬುದ್ಧಿಯಲ್ಲಿ ಹಳೇ ಬರ್ಗ್‌ಮನ್ 650 ತಂದೆ. ತೂಕ 270 ಕೆಜಿ ಮೇಲೆ! ಮೂರನೇ ದಿನ ಮಳೆ, ಕಲ್ಲುಹಾಸಿನ ರಸ್ತೆ, ಟ್ರಾಮ್ ಹಳಿ. ಸಿಗ್ನಲ್ಲಲ್ಲಿ ಕಾಲು ಜಾರ್ತು ಅಷ್ಟೆ, ಗಾಡಿ ಕೆಸರಿಗಿಳಿದ ಎಮ್ಮೆ ಥರ ನಿಧಾನಕ್ಕೆ ಮಲಗ್ತು. ಇಬ್ರು ಅಜ್ಜಂದಿರು, ಕಾಫಿ ಬಾರಿನವನು ಸೇರಿ ಎತ್ತಿದ್ರು.

ಆಮೇಲೆ ಬೆಲ್ಟ್, ಎಂಜಿನ್ ಶಕ್ತಿನ ಚಕ್ರದ ಕಡೆ ಸಾಗಿಸೋದು. 650ರ ಗೇರು ಎಲೆಕ್ಟ್ರಾನಿಕ್ಕು, ಬೆಲ್ಟ್ ಬದಲಾಯಿಸೋದು ಚಿಕ್ಕ ಸ್ಕೂಟರಿನಷ್ಟು ಸುಲಭ ಅಲ್ಲ. ಅದನ್ನ ಯಾವಾಗ ಬದಲಾಯಿಸಿದ್ದು ಅಂತ ಮಾರಿದವನನ್ನ ನಾನು ಕೇಳ್ಲೇ ಇಲ್ಲ, ಬಣ್ಣ ನೋಡಿ ದುಡ್ಡು ಕೊಟ್ಟೆ. ಬಿಲ್ ನೋಡಿ ನಮ್ಮನೆಯವ್ರು ಎರಡು ದಿನ ಮಾತಾಡ್ಲಿಲ್ಲ. ನೀವು ಸರ್ವಿಸ್ ಪುಸ್ತಕ ಕೇಳಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ, ಮೊದ್ಲೇ ಬಿಸಿ ಮಾಡಿಟ್ಟಿದ್ರೆ ಇನ್ನೊಂದಿನ ಬರ್ತೀನಿ ಅನ್ನಿ, ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತೆ ಅನ್ನೋದ್ರಲ್ಲೇ ಅರ್ಧ ಗುಟ್ಟಿರೋದು.

ಟಿಮ್ಯಾಕ್ಸ್ ಓಡ್ಸಕ್ಕೆ ಸುಖ, ಸುಳ್ಳು ಹೇಳಲ್ಲ. 2001ರಿಂದ ಬಂದ 500ರಲ್ಲಿ ಹಿಂದಿನ ಚಕ್ರ ತಿರುಗಿಸೋದು ಎಣ್ಣೆಯೊಳಗೆ ಮುಳುಗಿರೋ ಚೈನು, 2012ರ 530ರಿಂದ ಹೊರಗಡೆ ಬೆಲ್ಟು, ನನ್ನ ಕೇಳಿದ್ರೆ 530. ಆದ್ರೆ ಸೀಟು 80 ಸೆಂಟಿಮೀಟರ್ ಎತ್ತರ, ಅಗಲ ಬೇರೆ, ನಮ್ಮಂಥ ಐದೂವರೆ ಅಡಿಯವರು ತುದಿಗಾಲಲ್ಲೇ ನಿಲ್ಬೇಕು. ಕಳ್ಳರಿಗೂ ಇದೇ ಇಷ್ಟ, ಗ್ಯಾರೇಜ್ ಇಲ್ದಿದ್ರೆ ಮರೆತುಬಿಡಿ. ಪೇಟೆಯೊಳಗೆ ಓಡಾಡೋಕೆ ಬರ್ಗ್‌ಮನ್ 400 ಧಾರಾಳ ಸಾಕು, ನಾನೂ ಕೊನೆಗೆ ಅದಕ್ಕೇ ಬಂದೆ.

ಕಾಗದ ಪತ್ರ: ನಮ್ಮ ಇಂಡಿಯಾ ಲೈಸೆನ್ಸ್ ನಡೆಯೋದು ರೆಸಿಡೆನ್ಸಿ (ಇಲ್ಲಿನ ನಿವಾಸಿ ಅಂತ ನೋಂದಣಿ) ಆದ ಒಂದು ವರ್ಷದವರೆಗೆ ಮಾತ್ರ, ಇಲ್ಲಿನದಕ್ಕೆ ಬದಲಾಯಿಸಿ ಕೊಡಲ್ಲ, ಪರೀಕ್ಷೆ ಬರೀಲೇಬೇಕು, ಇಂಗ್ಲಿಷಲ್ಲಿ ಇಲ್ಲ. ಎ2 ಅನ್ನೋ ಮಧ್ಯಮ ದರ್ಜೆ ಲೈಸೆನ್ಸ್ ಆದ್ರೆ ಎಂಜಿನ್ ಶಕ್ತಿ 35 ಕಿಲೋವ್ಯಾಟ್ ಒಳಗೆ ಇರ್ಬೇಕು, 650 ಅದಕ್ಕೆ ಬರಲ್ಲ.

ಇನ್ನೊಂದು, ಯಾರೂ ನಂಗೆ ಹೇಳಿರ್ಲಿಲ್ಲ. ಐದು ವರ್ಷದೊಳಗಿನ ಮಕ್ಕಳನ್ನ ಇಲ್ಲಿ ಸ್ಕೂಟರಲ್ಲಿ ಕೂರಿಸೋ ಹಾಗಿಲ್ಲ. ನಾನು ಆ ಎಮ್ಮೆ ತಂದಿದ್ದೇ ಮಗಳಿಗೋಸ್ಕರ, ಆಗ ಅವಳಿಗೆ ಮೂರು. ಚಿಕ್ಕವನಿದ್ದಾಗ ಅಪ್ಪನ ಚೇತಕ್ಕಲ್ಲಿ ಮುಂದೆ ನಿಂತ್ಕೊಂಡು, ಹ್ಯಾಂಡಲ್ ಹಿಡ್ಕೊಂಡು, ಕಣ್ಣಿಗೆ ಗಾಳಿ ಹೊಡೀತಾ ಇದ್ರೂ ಮುಚ್ಚದೆ, ಹಿಂದೆ ಅಮ್ಮ, ಅವಳ ತೊಡೆ ಮೇಲೆ ತಮ್ಮ, ಹಾಗೆ ಜಾತ್ರೆಗೆ ಹೋದವ್ನು ನಾನು. ಮಗಳಿಗೂ ಒಂದ್ಸಲ ಅದು ಸಿಗ್ಲಿ ಅಂತ ಆಸೆ. ನಿಲ್ಲಿಸೋದಿರ್ಲಿ, ಎರಡು ವರ್ಷ ಹತ್ತಿಸಕ್ಕೂ ಆಗ್ಲಿಲ್ಲ.

ಈಗ ಅವಳಿಗೆ ಹನ್ನೊಂದು. ಹೆಲ್ಮೆಟ್ ಹಾಕ್ಕೊಂಡು ಹಿಂದೆ ಕೂರ್ತಾಳೆ, "ಪಾಪಾ, ಸ್ಕೂಲ್ ಗೇಟ್ ತನಕ ಬೇಡ, ಮೂಲೆಯಲ್ಲೇ ಇಳಿಸು" ಅಂತಾಳೆ, ಅದೂ ಇಟಾಲಿಯನ್ನಲ್ಲಿ. ಅಲ್ಲೇ ಇಳಿಸಿ ಅಂಗಡಿಗೆ ಹೋಗ್ತೀನಿ. 400ರ ಸೀಟ್ ಕೆಳಗೆ ಹತ್ತು ಕೆಜಿ ಅಕ್ಕಿ ಆರಾಮಾಗಿ ಹಿಡಿಯುತ್ತೆ.